ಜುಂಜಪ್ಪನ ಹೆಸರಿನಲ್ಲಿ ಬಂದವರು

ನಲ್ಲೂರಿನ ಜ್ಯೋತಿಲಕ್ಷ್ಮಿ ಚನ್ನಗಿರಿಯ ಆ ಕಚೇರಿಗೆ ಸೇರಿ ಆರು ವರ್ಷವಾಗಿತ್ತು. ಹೊನ್ನಾಳಿಯ ಹೊಳೆಯಿಂದ ಒಂದು ಕಡೆ ನ್ಯಾಮತಿಗೂ ಇನ್ನೊಂದು ಕಡೆ ಜಗಳೂರಿಗೂ ಕುಡಿಯುವ ನೀರು ಸಾಗಿಸುವ ಪಂಪ್‌ಹೌಸ್‌ಗಳೆಲ್ಲ ಈಗ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಆ ಕಂಪ್ಯೂಟರುಗಳೊಳಗೆ ಹೊರಗಿನವರು ನುಗ್ಗದಂತೆ ಕಾಯುವುದು ಅವಳ ಕೆಲಸ. ಯಾರಾದರೂ ಪಾಸ್‌ವರ್ಡ್ ತಪ್ಪು ಒತ್ತಿದರೂ ಸಾಕು, ಪರದೆಯ ಮೇಲೊಂದು ಎಚ್ಚರಿಕೆ ಬೀಳುತ್ತಿತ್ತು. ದಿನಕ್ಕೆ ಎರಡು ಸಾವಿರ. ನೋಡಿ ನೋಡಿ ಕಣ್ಣು ಉರಿದು, ಕೊನೆಕೊನೆಗೆ ನಾಲ್ಕು ಜನರ ಆ ತಂಡದಲ್ಲಿ ಯಾರೂ ಅವನ್ನು ಸರಿಯಾಗಿ ಓದುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಆ ಎಚ್ಚರಿಕೆಗಳನ್ನು ಓದಲು ಎಐ ಯಂತ್ರ ಬಂತು. ಮೂರು ತಿಂಗಳು ಸುಮ್ಮನೆ ಕೂತು, ಯಾರು ಯಾವಾಗ ಬರುತ್ತಾರೆ, ಏನು ಮಾಡುತ್ತಾರೆ ಎಂದು ಕಲಿಯಿತು. ಆಮೇಲೆ ಮಾಮೂಲು ಎನಿಸಿದ್ದನ್ನೆಲ್ಲ ತಾನೇ ಮುಚ್ಚಿಹಾಕತೊಡಗಿತು. ಎಚ್ಚರಿಕೆಗಳು ದಿನಕ್ಕೆ ಹತ್ತಕ್ಕೆ ಇಳಿದವು. ಮ್ಯಾನೇಜರ್ ಗುರುಬಸವರಾಜ್ ಖುಷಿಯಾದರು. ಜ್ಯೋತಿಲಕ್ಷ್ಮಿಗೂ, ಸುಳ್ಳು ಯಾಕೆ, ನೆಮ್ಮದಿಯಾಯಿತು. ಡಬ್ಬಿಯ ಊಟ ನಿಧಾನವಾಗಿ ಉಣ್ಣುವಂತಾಯಿತು.

ಕಾರ್ತಿಕದ ಒಂದು ಮಂಗಳವಾರ ಬೆಳಿಗ್ಗೆ, ಕೆಲಸವಿಲ್ಲದ ಬೇಸರಕ್ಕೆ, ಯಂತ್ರ ಮುಚ್ಚಿಹಾಕಿದ ಪಟ್ಟಿಯನ್ನು ತೆರೆದಳು. ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ಜುಂಜಪ್ಪ, ಜಗಳೂರು ಪಂಪ್‌ಹೌಸ್. ದಿನವೂ ಹನ್ನೊಂದು ಗಂಟೆಗೆ ಬಂದುಹೋಗಿದ್ದಾನೆ.

ಅಲ್ಲಿ ಕೆಲಸಕ್ಕಿದ್ದ ಜುಂಜಪ್ಪ ಹೋದ ಸಂಕ್ರಾಂತಿಯ ಹೊತ್ತಿಗೇ ತೀರಿಕೊಂಡಿದ್ದ. ಅವಳೇ ಮಣ್ಣಿಗೆ ಹೋಗಿಬಂದಿದ್ದಳು. ಅವನ ಹೆಸರನ್ನು ಕಂಪ್ಯೂಟರಿನಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಅವಳು ಜಗಳೂರಿನ ಆಪರೇಟರ್ ಸಣ್ಣಪ್ಪನಿಗೆ ಫೋನು ಹಚ್ಚಿದಳು. “ಅಣ್ಣಾ, ಜುಂಜಪ್ಪನೋರ ಹೆಸರಲ್ಲಿ ನೀವೇನಾದ್ರೂ ಕಂಪ್ಯೂಟರ್ ತೆಗೀತೀರಾ?”

“ಸತ್ತೋರ ಹೆಸರು ನಾನ್ಯಾಕೆ ಮುಟ್ಟಲವ್ವ? ನಂದೇ ಬೇರೆ ಐತೆ.”

ಯಂತ್ರವನ್ನೇ ಕೇಳಿದಳು. ಕಲಿಕೆಯ ಮೊದಲ ದಿನದಿಂದಲೂ ಇದೇ ಸಮಯಕ್ಕೆ ಬರುತ್ತಿರುವ ಬಳಕೆದಾರ, ಅಪಾಯ ಕಡಿಮೆ ಎಂದು ಉತ್ತರ ಬಂತು. ಅಂದರೆ ಯಂತ್ರ ಕಲಿಯಲು ಕೂರುವ ಮೊದಲೇ ಸತ್ತವನ ಹೆಸರು ಹಿಡಿದು ಯಾರೋ ಒಳಗಿದ್ದ. ಅದು ಕಳ್ಳನನ್ನೂ ಮನೆಯವನೆಂದೇ ಕಲಿತಿತ್ತು.

ಅವನು ಒಳಗೆ ಮಾಡುತ್ತಿದ್ದ ಕೆಲಸವೇನೆಂದು ತೆಗೆದು ನೋಡಿದಳು. ನೀರಿಗೆ ಕ್ಲೋರಿನ್ ಬಿಡುವ ಪ್ರಮಾಣವನ್ನು ಏರಿಸುವುದು, ಮತ್ತೆ ಮೊದಲಿದ್ದಲ್ಲಿಗೇ ತರುವುದು. ಮೊದಮೊದಲು ಅರ್ಧ ನಿಮಿಷ. ಈಚೆಗೆ ಒಂಬತ್ತು ನಿಮಿಷ. ಯಾರಾದರೂ ಗಮನಿಸುತ್ತಾರೋ ಎಂದು ನೋಡುತ್ತಿದ್ದ ಹಾಗಿತ್ತು.

ಆಗಲೇ ಹತ್ತು ಐವತ್ತು. ಮ್ಯಾನೇಜರಿಗೆ ಎಲ್ಲ ತೋರಿಸಿ, ಜಗಳೂರಿನ ಇಂಟರ್‌ನೆಟ್ ಲೈನ್ ಕಡಿಯಬೇಕೆಂದಳು. ಗುರುಬಸವರಾಜ್ ಹಣೆ ಉಜ್ಜಿಕೊಂಡರು. “ಲೈನ್ ಕಡಿಯಾಕೆ ಮೇಲಿನೋರ ಪರ್ಮಿಷನ್ ಬೇಕಲ್ಲಮ್ಮ.”

“ಅಷ್ಟೊತ್ತಿಗೆ ಅವನು ಬಂದಿರ್ತಾನೆ ಸಾರ್,” ಎಂದವಳೇ ಸಣ್ಣಪ್ಪನಿಗೆ ಮತ್ತೆ ಫೋನು ಮಾಡಿದಳು. “ಇಂಟರ್‌ನೆಟ್ ವೈರ್ ಕಿತ್ತು ಹಾಕ್ರಿ. ಎಲ್ಲಾ ಕೈಯಾಗೇ ನಡೆಸ್ರಿ.”

ಹನ್ನೊಂದಾಯಿತು. ಜಗಳೂರು ಸುಮ್ಮನಿತ್ತು. ಐದು ನಿಮಿಷಕ್ಕೆ ನ್ಯಾಮತಿಯ ಪಂಪ್‌ಹೌಸಿನಲ್ಲಿ ಜುಂಜಪ್ಪನ ಹೆಸರು ಕಾಣಿಸಿತು. ಅಲ್ಲಿಗೆ ಅದು ಎಂದೂ ಹೋಗಿರಲಿಲ್ಲವಾದ್ದರಿಂದ ಈ ಸಲ ಯಂತ್ರವೂ ಕೂಗಿಕೊಂಡಿತು. ಗುರುಬಸವರಾಜ್ ಮತ್ತೆ ಪರ್ಮಿಷನ್ ಮಾತೆತ್ತಲಿಲ್ಲ. ತಾವೇ ಎಲ್ಲ ಕಡೆಗೂ ಫೋನು ಮಾಡಿ ಲೈನ್ ಕಡಿಸಿದರು.

ಎಂಟು ದಿನ ನೀರನ್ನು ಕೈಯಿಂದಲೇ ಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ಪೊಲೀಸರು ಬಂದರು, ಬರೆದುಕೊಂಡು ಹೋದರು. ಬಂದವನು ಯಾರೆಂದು ತಿಳಿಯಲಿಲ್ಲ. ಇನ್ನು ಮುಂದೆ ಯಂತ್ರ ಮಾಮೂಲು ಎಂದ ಮಾತ್ರಕ್ಕೆ ಬಿಡಬಾರದು, ಪ್ರತಿ ಹೆಸರಿನ ಹಿಂದೆ ಜೀವಂತ ಮನುಷ್ಯ ಇದ್ದಾನೆಯೇ ನೋಡಬೇಕು ಎಂದು ತಂಡ ತೀರ್ಮಾನಿಸಿತು. ಆ ಕೆಲಸ ಜ್ಯೋತಿಲಕ್ಷ್ಮಿಯ ಪಾಲಿಗೆ ಬಂತು. ಜುಂಜಪ್ಪನದನ್ನು ತೆಗೆದ ಮೇಲೆ ಅರವತ್ತಮೂರು ಹೆಸರು. ಒಬ್ಬೊಬ್ಬರಿಗೂ ಫೋನು ಮಾಡಿ, ದನಿ ಕೇಳಿ, ಗೆರೆ ಎಳೆದಳು. ಅರವತ್ತೆರಡು ಮುಗಿದವು. ಉಳಿದದ್ದು ಓಂಕಾರ್.

“ಆ ಹೆಸರಿನೋರು ಯಾವ ಪಂಪ್‌ಹೌಸ್‌ನಾಗೂ ಯಾವತ್ತೂ ಇರಲಿಲ್ಲವ್ವ,” ಎಂದ ಸಣ್ಣಪ್ಪ.

ಆ ಖಾತೆ ಹುಟ್ಟಿದ್ದೆಲ್ಲಿ ಎಂದು ಹುಡುಕಿದಳು. ಮೂರು ವರ್ಷದ ಹಿಂದೆ, ಇದೇ ಕೋಣೆಯ ಒಂದು ಕಂಪ್ಯೂಟರಿನಿಂದ.

ಉಳಿದ ಮೂವರು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಒಬ್ಬ “ಚಾ ಬೇಕೇನ್ರಿ?” ಎಂದ. ಅವಳು ಬೇಡವೆಂದು ತಲೆಯಾಡಿಸಿ, ಹೆಸರುಗಳ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಗುರುಬಸವರಾಜರ ಕೋಣೆಗೂ ಹೋಗಲಿಲ್ಲ. ಸೀದಾ ಮೆಟ್ಟಿಲಿಳಿದು ಪೊಲೀಸ್ ಠಾಣೆಯ ಕಡೆ ನಡೆದಳು.