ಸಾಮಾನು ಕೋಣಿಯ ಅಳು

ಮಗಳು ದೆವ್ವದ ಹಾಸ್ಟೆಲ್ಲಿನ ಕಾದಂಬರಿ ಓದಾಕತ್ತಾಳ. ಪುಟಕ್ಕೊಂದು ತಿರುವು ಅಂತ. ಆ ಪುಸ್ತಕದ ಮುಖಪುಟ ನೋಡಿದ್ದ ತಡ, ನನಗ ಸಾಲಿ ಕಲಿಯೋವಾಗ ಇದ್ದ ಗಡಹಿಂಗ್ಲಜದ ನಮ್ಮ ಹಾಸ್ಟೆಲ್ ನೆನಪಾತು.

ಅಲ್ಲಿ ಅಕ್ಕಿ ಚೀಲ ಇಡೋ ಕೋಣಿಯೊಳಗ ದೆವ್ವ ಐತಿ ಅಂತಿದ್ರು. ಐತವಾರ ಮಧ್ಯಾಹ್ನ ನಮ್ಮ ಅವ್ವ-ಅಪ್ಪಗೋಳು ಭೇಟಿಯಾಗಿ ಹೋದ ಮ್ಯಾಲೆ ಒಳಗಿಂದ ಅಳು ಕೇಳತಿತ್ತು. ಒಂದಿನ ನಾ ಧೈರ್ಯ ಮಾಡಿ ಬಾಗಿಲಾ ನೂಕಿದೆ.

ಒಳಗ ವಾರ್ಡನ್ ಬಾಯಾರು ಕುಂತಿದ್ರು. ಉಗುರು ಬೆಳೆದ್ರ ಪಟ್ಟಿಲೆ ಹೊಡೆಯೋ, ಎಂದೂ ನಗದ ಬಾಯಾರು. ಮಡಿಲಾಗ ಸಣ್ಣ ಫ್ರಾಕು.

"ನನ್ನ ಮಗಳದು. ಆಜರಾ ಊರಾಗ ನಮ್ಮ ಅವ್ವನ ಹಂತ್ಯಾಕ ಅದಾಳ. ಮಕ್ಕಳಿದ್ದವರನ್ನ ಇಲ್ಲಿ ತಗೋಳಾಂಗಿಲ್ಲ, ಅದಕ್ಕ ಮಕ್ಕಳಿಲ್ಲಂತ ಹೇಳಿ ನೌಕರಿಗೆ ಸೇರೇನಿ. ಯಾರಿಗೂ ಹೇಳಬ್ಯಾಡವಾ."

ಹೊರಗ ಗೆಳತ್ಯಾರು ಸುತ್ತುಗಟ್ಟಿ, "ಏನಿತ್ತ?" ಅಂದ್ರು.

"ದೆವ್ವನ ಐತಿ. ಕಣ್ಣಾರೆ ನೋಡೇನಿ," ಅಂದೆ.

ಆಮ್ಯಾಲೆ ಅತ್ತ ಯಾರೂ ಹಾಯಲಿಲ್ಲ.

ಮುಂದಿನ ವರ್ಷ ಬಾಯಾರಿಗೆ ಆಜರಾ ಊರಾಗನ ಕೆಲಸ ಸಿಕ್ಕಿತು. ಹೊಂಡೋ ಮುಂಜಾನೆ ನನ್ನ ಕೂಡ್ರಿಸಿಕೊಂಡು ಎರಡು ಜಡಿ ಹಾಕಿದ್ರು. "ನನ್ನ ಮಗಳಿಗೂ ಇನ್ನ ದಿನಾ ಹಿಂಗ ಹಾಕತೇನಿ," ಅಂದ್ರು. ಅವರು ನಕ್ಕಿದ್ದನ್ನ ಅವತ್ತ ಮೊದಲು ನೋಡಿದೆ.

ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇವತ್ತ ಮಗಳಿಗೆ ಹೇಳಿದೆ. ಆಕಿ ಪುಸ್ತಕ ಬದಿಗಿಟ್ಟು, ನನ್ನ ಹತ್ರ ಸರಕೊಂಡು ಕುಂತಳು.