ಹೆಂಡತಿ ಹಾರಿದ ಹಳದಿ ವಿಮಾನ

ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಹೋದೆ. ಹಗ್ಗದ ಮೇಲೆ ನನ್ನ ಹೆಂಡತಿ ಪದ್ಮಳ ಬೂದು ಸ್ವೆಟರ್ ನೇತಾಡುತ್ತಿತ್ತು. ಒಗೆದು ಒಣಹಾಕಿದ್ದರೂ ತೋಳಿನಲ್ಲಿ ಇನ್ನೂ ಎಂಜಿನ್ ಎಣ್ಣೆಯ ವಾಸನೆ. ಪಕ್ಕದ ಮನೆಯವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತೋಳನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಉಸಿರೆಳೆದುಕೊಂಡೆ. ಹೆಂಡತಿ ಮುಡಿದ ಮಲ್ಲಿಗೆಯ ವಾಸನೆಗೆ ಮರುಳಾಗುವ ಗಂಡಸರನ್ನು ನೀವು ಕಂಡಿರುತ್ತೀರಿ. ಹೆಂಡತಿಯ ಸ್ವೆಟರಿನ ಎಣ್ಣೆ ವಾಸನೆಗೆ ಹೊಟ್ಟೆ ಉರಿಸಿಕೊಳ್ಳುವವನನ್ನು ನೋಡಬೇಕಿದ್ದರೆ ಚಾಮರಾಜಪೇಟೆಯ ನಮ್ಮ ಮನೆಗೆ ಬನ್ನಿ.

ಈ ಉರಿ ನಿನ್ನೆ ಮೊನ್ನೆಯದಲ್ಲ. ನಾನು ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡು ಮಾರಿ ಬದುಕು ಕಟ್ಟಿಕೊಂಡವನು. ಹುಡುಗನಾಗಿದ್ದಾಗ ಅಂಗಡಿಯ ಮಹಡಿಯಲ್ಲಿ ಕಾರ್ಡಿನ ಅಂಚು ಕತ್ತರಿಸುತ್ತಿದ್ದೆ. ತಲೆಯ ಮೇಲೆ ವಿಮಾನದ ಸದ್ದಾದರೆ ಸಾಕು, ಕತ್ತರಿ ಬಿಟ್ಟು ತಾರಸಿಗೆ ಓಡುತ್ತಿದ್ದೆ. ಗೊಣಗುತ್ತ ಹೋದರೆ ಸೇನೆಯ ಡಕೋಟಾ, ಚೀರುತ್ತ ಹೋದರೆ ನ್ಯಾಟ್. ಮುಗಿಲಿನ ಮರೆಯಲ್ಲಿದ್ದರೂ ಹೆಸರು ಹೇಳುತ್ತಿದ್ದೆ. ಹೇಳುವುದಷ್ಟೇ. ಅಂಥ ಒಂದು ವಿಮಾನದ ಮೆಟ್ಟಿಲನ್ನೂ ನಾನು ಮುಟ್ಟಿದವನಲ್ಲ. ಮುಂದೆ ಮದುವೆ ಮನೆಯವರ ಜತೆ ದೆಹಲಿ, ಜೈಪುರ ಎಂದು ದೊಡ್ಡ ವಿಮಾನಗಳಲ್ಲಿ ಓಡಾಡಿದೆ. ಅದು ಬಸ್ಸು ಸ್ವಾಮಿ, ರೆಕ್ಕೆ ಇರುವ ಬಸ್ಸು. ಅದನ್ನು ಹಾರಾಟ ಎನ್ನುವುದಾದರೆ ಲಿಫ್ಟಿನಲ್ಲಿ ಹೋಗುವವರೆಲ್ಲ ಪರ್ವತಾರೋಹಿಗಳು.

ಬಸವನಗುಡಿಯ ಹೋಟೆಲೊಂದರ ಹಿಂಭಾಗದಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕದ ಉದ್ದ ಮೇಜಿಗೆ, ಭಾನುವಾರ ಬೆಳಿಗ್ಗೆ ನಮ್ಮಂಥ ಹುಚ್ಚರು ಸೇರುತ್ತೇವೆ. ನಮ್ಮಲ್ಲಿ ಎರಡು ಪಂಗಡ: ಹಳೆಯ ಸೇನಾ ವಿಮಾನದಲ್ಲಿ ಒಮ್ಮೆಯಾದರೂ ಹಾರಿದವರು, ಬರೀ ನೋಡಿದವರು. ನಿವೃತ್ತ ವಾಯುಪಡೆ ಅಧಿಕಾರಿ, ನಮ್ಮೆಲ್ಲರ ಕಮಾಂಡರ್ ಸಾಹೇಬರು ಒಂದು ಪದ್ಧತಿ ಹಾಕಿಬಿಟ್ಟಿದ್ದಾರೆ. ಕಾಫಿ ಮೊದಲು ಹಾರಿದವರಿಗೆ, ಆಮೇಲೆ ನೋಡಿದವರಿಗೆ. ನನ್ನ ಲೋಟ ಬರುವಷ್ಟರಲ್ಲಿ ನೊರೆ ಇಳಿದು ಹೋಗಿರುತ್ತದೆ. ತಿಂಡಿ ತರಿಸುವವನು ನಾನು, ಹೊರಗಡೆ ಕಾರ್ಯಕ್ರಮವಿದ್ದರೆ ವ್ಯಾನಿನವನ ಹತ್ತಿರ ಜಗಳವಾಡಿ ಒಪ್ಪಿಸುವವನು ನಾನು, ಆದರೂ ನೊರೆಯಿಲ್ಲ.

ಈಗ ಪದ್ಮಳ ಸಂಗತಿಗೆ ಬರುತ್ತೇನೆ. ವೈಯಾಲಿಕಾವಲ್‌ನ ಅವರ ಮನೆಗೆ ಹೆಣ್ಣು ನೋಡಲು ಹೋದಾಗ ಅವಳ ಹಾಡು ಮುಗಿಯಿತು, ಕಸೂತಿಯ ಪ್ರದರ್ಶನವೂ ಮುಗಿಯಿತು. ಆಗ ಅವಳಪ್ಪ ಎದೆ ಸೆಟೆಸಿ, “ನಮ್ಮ ಹುಡುಗಿ ಕಾಲೇಜಲ್ಲಿ ಕೆಡೆಟ್ ಆಗಿದ್ಲು. ಮಿಲಿಟರಿ ವಿಮಾನದಲ್ಲಿ ಹಾರಿದಾಳೆ,” ಎಂದರು. ನಾನು ಬಾಯಿಗೆ ಇಟ್ಟ ಕೇಸರಿಭಾತು ನುಂಗಲಿಲ್ಲ. ವರದಕ್ಷಿಣೆ ಬೇಡ, ಛತ್ರದ ಖರ್ಚಿನಲ್ಲಿ ಅರ್ಧ ನನ್ನದು ಎಂದು ಆಗಲೇ ಒಪ್ಪಿಕೊಂಡೆ. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಒಪ್ಪಿದ ವ್ಯವಹಾರ ಅದೊಂದೇ.

ಮದುವೆಯಾದ ಹೊಸತರಲ್ಲಿ ಕೇಳಿದೆ, “ಯಾವ ವಿಮಾನ?”

“ಹಳದಿ ಬಣ್ಣದ್ದು.”

“ಬಣ್ಣ ಅಲ್ಲ ಪದ್ಮಾ, ಮಾಡೆಲ್ಲು. ಮುಂದೊಬ್ಬರು ಹಿಂದೊಬ್ಬರು ಕೂರೋದಾ? ಹಾಗಿದ್ರೆ ಟ್ರೈನಿಂಗ್ ಕೊಡೋ ಎಚ್‌ಟಿ-2 ಇರಬೇಕು. ಮೇಲಿಂದ ಏನು ಕಾಣಿಸ್ತು?”

“ಎಲ್ಲಾ ಕಾಣಿಸ್ತು. ಸಾರಿಗೆ ಹುಣಸೆಹಣ್ಣು ಇಲ್ಲ, ತರ್ತೀರಾ?”

ಇಷ್ಟು ವರ್ಷದ ಸಂಸಾರದಲ್ಲಿ ಆ ಹಾರಾಟದ ಬಗ್ಗೆ ಅವಳಿಂದ ನನಗೆ ದಕ್ಕಿದ್ದು ಇಷ್ಟೇ. ಚಿನ್ನದ ಗಣಿಯ ಮೇಲೆ ಕೂತು ಕಡ್ಲೆಕಾಯಿ ಬಿಡಿಸುವವರನ್ನು ನೋಡಿದರೆ ಏನನ್ನಿಸುತ್ತದೆ ಹೇಳಿ! ಒಂದು ಭಾನುವಾರ ನಾನು ಮನೆಯಲ್ಲೇ ಮರೆತ ಕನ್ನಡಕವನ್ನು ಕೊಡಲು ಅವಳು ಹೋಟೆಲಿಗೆ ಬಂದಳು. ನಮ್ಮ ಗುಂಪಿನ ಗುಂಡಣ್ಣ, ಬ್ಯಾಂಕಿನಿಂದ ನಿವೃತ್ತನಾಗಿ ನಾಲಿಗೆಗೆ ಮಾತ್ರ ನಿವೃತ್ತಿ ಕೊಡದವನು, ಅವಳು ಕೆಡೆಟ್ ಆಗಿ ಹಾರಿದ ಕಥೆಯನ್ನು ಅವಳ ಬಾಯಿಂದಲೇ ಹೊರಡಿಸಿದ. ಕಮಾಂಡರ್ ಸಾಹೇಬರು ಎದ್ದು ನಿಂತರು. “ಮೇಡಂ, ಬನ್ನಿ, ಕೂತ್ಕೊಳ್ಳಿ,” ಎಂದು ತಮ್ಮ ಪಕ್ಕದ ಕುರ್ಚಿ ಎಳೆದು ಮೊದಲ ಕಾಫಿಯನ್ನು ಅವಳ ಮುಂದಿಟ್ಟರು. ಅವಳು ಸಂಕೋಚದಿಂದ ನೆಲ ನೋಡುತ್ತ ಕುಡಿದಳು. ಮೇಲ್ತುಟಿಯಲ್ಲಿ ನೊರೆ.

“ಏನ್ ಗುರು,” ಎಂದ ಗುಂಡಣ್ಣ, “ನಿಮ್ಮನೇಲಿ ಹಾರೋರು ಒಬ್ರು, ಕಾರ್ಡ್ ಹಂಚೋರು ಒಬ್ರು!”

ಅವತ್ತೇ ನಿಶ್ಚಯಿಸಿದೆ, ಹೇಗಾದರೂ ಹಾರಲೇಬೇಕು.

ನನ್ನ ಹತ್ತಿರ ಒಂದು ಆಲ್ಟಿಮೀಟರ್ ಇತ್ತು. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ, ಗಡಿಯಾರದಂಥ ಸಾಧನ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ನಿಮಗೂ ಒಂದು ಕಿವಿಮಾತು: ಅಂಥ ಕಡೆ ಬೇಕಾದ ವಸ್ತುವನ್ನು ಮೊದಲು ಕೇಳಬೇಡಿ. ಪಕ್ಕದ ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಗೆ ಜಗಳವಾಡಿ, ಅದನ್ನು ಬಿಟ್ಟು ಎರಡು ಹೆಜ್ಜೆ ನಡೆಯಿರಿ. ಮಾರುವವನೇ ಕರೆಯುತ್ತಾನೆ. ಆಗ ಬೇಸರದಿಂದ, “ಹೋಗ್ಲಿ, ಆ ಗಡಿಯಾರನಾದ್ರೂ ಕೊಡಪ್ಪ,” ಅನ್ನಿ. ಆ ಮೀಟರನ್ನು ಅಂಗಿಯೊಳಗೆ ಇಟ್ಟುಕೊಂಡು ಚಿಕ್ಕಪೇಟೆ ಮೆಟ್ರೋದ ಎಸ್ಕಲೇಟರಿನಲ್ಲಿ ಮೇಲೆ ಕೆಳಗೆ ಓಡಾಡಿದ್ದೇನೆ. ಮುಳ್ಳು ಕೂದಲೆಳೆಯಷ್ಟು ಸರಿಯುತ್ತಿತ್ತು. ಸೆಕ್ಯುರಿಟಿಯವನು, “ಎಲ್ಲಿಗೆ ಸಾರ್ ಹೋಗ್ಬೇಕು?” ಎಂದು ಕೇಳಿದಾಗ ಮೀಟರನ್ನು ಅಂಗಿಯೊಳಗೆ ಇನ್ನಷ್ಟು ತಳ್ಳಿ ಟಿಕೆಟ್ ಕೌಂಟರಿನ ಕಡೆ ನಡೆದೆ.

ಊರಾಚೆ ಸಿರಿವಂತರೊಬ್ಬರು ಹಳೆಯ ಎಚ್‌ಟಿ-2 ಒಂದನ್ನು ಕೊಂಡು, ರಿಪೇರಿ ಮಾಡಿಸಿ ತಾವೇ ಹಾರಿಸುತ್ತಾರೆಂದು ಕಮಾಂಡರ್ ಸಾಹೇಬರು ತಿಳಿಸಿದರು. ಅವರಿಗೆ ಆ ಕಾಲದ ಅಸಲಿ ಆಲ್ಟಿಮೀಟರ್ ಮಾತ್ರ ಸಿಕ್ಕಿರಲಿಲ್ಲ. ನಾನು ಹೋದೆ. ಅವರ ನಾಯಿಯನ್ನು ಹೊಗಳಿದೆ, ಮಾವಿನ ತೋಟವನ್ನು ಹೊಗಳಿದೆ, ಮೀಟರಿನ ವಿಷಯವನ್ನು ಹೊರಡಲು ಏಳುವಾಗ ಎತ್ತಿದೆ. ದುಡ್ಡು ಬೇಡವೆಂದೆ. ಒಂದು ಮೀಟರಿಗೆ ಒಂದು ಸೀಟು. ಅವರು ಕೈಕುಲುಕಿದರು.

ಮನೆಗೆ ಸಿಹಿ ತಂದು ಪದ್ಮಳಿಗೆ ಹೇಳಿದೆ. ಅವಳು ಪೊಟ್ಟಣದ ದಾರ ಬಿಚ್ಚುವುದನ್ನು ನಿಲ್ಲಿಸಿ, “ರೀ, ನಾನು ಹೋಗ್ಲಾ?” ಎಂದಳು.

ನಕ್ಕೆ. “ನೀನು ಆಗ್ಲೇ ಹಾರಿದೀಯಲ್ಲ!”

“ಅದಕ್ಕೇ ಕೇಳ್ತಿರೋದು. ಒಂದು ಮಾತು ಹೇಳ್ತೀನಿ, ನಗಬಾರದು. ಆವತ್ತು ನಾನು ಏನೂ ನೋಡ್ಲಿಲ್ಲ ಕಣ್ರೀ. ಮೇಲೆ ಹೋಗಿದ್ದು, ತಿರುಗಿದ್ದು, ಇಳಿದಿದ್ದು, ಪೂರ್ತಿ ಕಣ್ಣು ಮುಚ್ಕೊಂಡಿದ್ದೆ.”

“ಪೂರ್ತಿನಾ?”

“ಚಕ್ರ ನೆಲಕ್ಕೆ ಬಡಿದಾಗ ಕಣ್ಣು ಬಿಟ್ಟೆ. ಕೆಳಗಿಳಿದ್ರೆ ಅಪ್ಪ ಹಾರ ಹಿಡ್ಕೊಂಡು ನಿಂತಿದ್ರು. ಅವರಿಗೆ ಏನಂತ ಹೇಳ್ಲಿ? ಆಮೇಲೆ ನಿಮಗೆ ಏನಂತ ಹೇಳ್ಲಿ? ಆ ಹೋಟ್ಲಲ್ಲಿ ಮೊದಲ ಕಾಫಿ ನನಗೆ ಕೊಟ್ಟಾಗ ನಾಚಿಕೆಯಾಯ್ತು. ಈಗ ಪೊರೆ ತೆಗೆಸಿದ ಮೇಲೆ ಕಣ್ಣು ಎಷ್ಟು ಚೆನ್ನಾಗಿ ಕಾಣತ್ತೆ. ಒಂದ್ಸಲ ನೋಡ್ಬೇಕು ಅನ್ನಿಸ್ತಿದೆ.”

ಕುರ್ಚಿಯಲ್ಲಿ ಕೂತುಬಿಟ್ಟೆ. ಹಾಗಾದರೆ ನಾನು ಇಷ್ಟು ವರ್ಷ ಯಾವ ಹಾರಾಟದ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೆ? ಅವಳ ಕಣ್ಣ ರೆಪ್ಪೆಯ ಹಿಂದಿನ ಕತ್ತಲೆಯ ಮೇಲೆಯೇ? ಆದರೂ ಹಳೆಯ ಬುದ್ಧಿ ಬಿಡಲಿಲ್ಲ. “ಹಾಗಿದ್ರೆ ನಾವಿಬ್ರೂ ಒಂದೇ. ಚೀಟಿ ಎತ್ತೋಣ,” ಎಂದೆ.

“ಬರೆಯೋರು ನೀವೇ ತಾನೆ? ಎರಡರಲ್ಲೂ ನಿಮ್ಮ ಹೆಸರೇ ಇರತ್ತೆ.”

“ಸರಿ, ಯಾರೂ ಬೇಡ. ಸೀಟೇ ಬೇಡ ಅಂತ ಹೇಳ್ಬಿಡ್ತೀನಿ,” ಎಂದು ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ನಡೆದೆ. ಅವಳು ಕರೆಯಲಿಲ್ಲ. ಮೆಟ್ಟಿಲಿಳಿದೆ. ಕರೆಯಲಿಲ್ಲ. ಬೀದಿ ತುದಿಯ ತನಕ ಹೋಗಿ ತಿರುಗಿ ನೋಡಿದೆ. ಕಿಟಕಿಯಲ್ಲೂ ಇರಲಿಲ್ಲ. ಅಲ್ಲೇ ನಿಂತು ವಿಮಾನದ ಯಜಮಾನರಿಗೆ ಫೋನ್ ಮಾಡಿದೆ. “ಸಾರ್, ನನ್ನ ಬದಲು ನನ್ನ ಮಿಸೆಸ್ ಬರ್ತಾರೆ. ಮೆಲ್ಲಗೆ ತಿರುಗಿಸಿ, ಚೆನ್ನಾಗಿ ಕಾಣ್ಬೇಕು ಅವರಿಗೆ.” ಇದನ್ನು ಔದಾರ್ಯ ಎಂದು ತಿಳಿಯಬೇಡಿ. ಫೋನಿಟ್ಟ ಮೇಲೆ ಬೀದಿ ದೀಪದ ಕಂಬವನ್ನು ಒದ್ದೆ.

ಮೊನ್ನೆ ಆ ದಿನ ಬಂತು. ಗುಂಪೆಲ್ಲ ವ್ಯಾನಿನಲ್ಲಿ ಹೋದೆವು. ಹಳದಿ ವಿಮಾನ ಮಾವಿನ ತೋಪಿನ ಪಕ್ಕ ನಿಂತಿತ್ತು, ಚಿತ್ರದಲ್ಲಿ ನೋಡಿದ್ದಕ್ಕಿಂತ ಚಿಕ್ಕದು, ಚಿಕ್ಕದಾದಷ್ಟೂ ಚೆಲುವು. ಪದ್ಮ ಸೀರೆ ಬಿಟ್ಟು ಮಗಳ ಪ್ಯಾಂಟು, ಬೂದು ಸ್ವೆಟರ್ ತೊಟ್ಟಿದ್ದಳು. ಹತ್ತುವಾಗ ಅವಳ ತೋಳಿಗೆ ಎಂಜಿನ್ನಿನ ಎಣ್ಣೆ ಮೆತ್ತಿತು. ಅವಳ ಮುಂದಿನ ಫಲಕದಲ್ಲಿ ನನ್ನ ಮೀಟರ್ ಹೊಳೆಯುತ್ತಿತ್ತು.

“ಗುರು, ಮೀಟರ್ ನಿಂದು, ಹೆಂಡ್ತಿ ನಿಂದು,” ಗುಂಡಣ್ಣ ಕಿವಿಯಲ್ಲಿ ಹೇಳಿದ, “ಅರ್ಧ ವಿಮಾನ ನಿಂದೇ ಬಿಡು!”

ಕೆಮ್ಮಿ, ಹೊಗೆ ಉಗುಳಿ, ಓಡಿ, ನೆಲ ಬಿಟ್ಟಿತು. ಸಂತೆಯಿಂದ ನಾನು ತಂದ ಮುಳ್ಳು, ಎಸ್ಕಲೇಟರಿನಲ್ಲಿ ಕೂದಲೆಳೆಯಷ್ಟೇ ಸರಿದ ಮುಳ್ಳು, ಈಗ ಅಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಅದನ್ನು ನೋಡುವವಳು ಅವಳು. ವಿಮಾನ ತೋಪಿನ ಮೇಲೆ ಒಂದು ರೆಕ್ಕೆ ಇಳಿಸಿ ನಿಧಾನವಾಗಿ ಸುತ್ತಿತು. ನನ್ನ ಮಾತಿನಂತೆಯೇ, ಮೆಲ್ಲಗೆ.

ಇಳಿದಾಗ ಅವಳ ಕಣ್ಣು ಕೆಂಪಾಗಿತ್ತು. ವ್ಯಾನಿನಲ್ಲಿ ಪಕ್ಕ ಕೂತು ಮೆಲ್ಲನೆ ಹೇಳಿದಳು: “ಮೇಲೇಳುವಾಗ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ ಕಣ್ರೀ. ಆಮೇಲೆ ಬಿಟ್ಟೆ. ಕೆಳಗೆ ನೀವೆಲ್ಲ ಕಾಣಿಸಿದ್ರಿ. ಎಲ್ಲರೂ ಕೈ ಬೀಸ್ತಿದ್ರು. ಒಬ್ರು ಮಾತ್ರ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದ್ರು. ಇವರೇ ನಮ್ಮನೆಯವರು ಅಂದ್ಕೊಂಡೆ.”

ಅಷ್ಟು ಎತ್ತರಕ್ಕೂ ಕಾಣಿಸುವ ಹೊಟ್ಟೆಕಿಚ್ಚು ನನ್ನದು. ನಗು ಬಂತು, ನಕ್ಕೆವು.

ಇದನ್ನು ಬರೆಯುತ್ತಿರುವಾಗ ಪದ್ಮ ಎದುರಿನ ಕುರ್ಚಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಳೆ. ಈಗಷ್ಟೇ ಕೇಳಿದಳು: “ರೀ, ತಿರುಗುವಾಗ ವಿಮಾನ ಒಂದು ಕಡೆ ವಾಲತ್ತಲ್ಲ, ಅದ್ಯಾಕೆ?”

ವಿಮಾನದ ಬಗ್ಗೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಉತ್ತರ ನನಗೆ ಗೊತ್ತು, ಚಿತ್ರ ಬರೆದು ಒಂದು ಗಂಟೆ ಹೇಳಬಲ್ಲೆ. ಪೆನ್ನಿನ ಮುಚ್ಚಳ ಹಾಕಿದೆ.

“ಆಮೇಲೆ ಹೇಳ್ತೀನಿ. ವಾಲಿದಾಗ ನಿಂಗೇನು ಕಾಣಿಸ್ತು, ಮೊದಲು ಅದು ಹೇಳು.”

ಹುರುಳಿಕಾಯಿ ಪಕ್ಕಕ್ಕಿಟ್ಟು ಅವಳು ಶುರುಮಾಡಿದ್ದಾಳೆ. ಕೆರೆಯೊಂದು ತಟ್ಟೆಯ ಹಾಗೆ ಓರೆಯಾಯಿತಂತೆ, ನೀರು ಮಾತ್ರ ಚೆಲ್ಲಲಿಲ್ಲವಂತೆ. ಹೊಟ್ಟೆ ಉರಿಯುತ್ತಲೇ ಇದೆ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದೇನೆ.