ಗೋಡೆಯನ್ನು ಯಾರೂ ನೋಡಲಿಲ್ಲ

ಗುಟ್ಕಾ ಉಗುಳಿದ ಕೆಸರನ್ನು ಕೈಯಿಂದ ಕಲಸಿದ್ದೀರಾ? ನಾನು ಕಲಸಿದ್ದೇನೆ. ಥೂ!

ಹೊಸಪೇಟೆಯ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ನಮಗೆ ಗೌಂಡಿ ಕೆಲಸ ಕಲಿಸುತ್ತಿದ್ದರು. ಮಧ್ಯಾಹ್ನ ಕಟ್ಟಿದ ಗೋಡೆಯನ್ನು ಸಂಜೆ ಕೆಡವಬೇಕು, ಅವೇ ಇಟ್ಟಿಗೆ ನಾಳೆಗೂ ಬೇಕಲ್ಲ. ಅದಕ್ಕೇ ಸಿಮೆಂಟಿನ ಬದಲು ಕೆಸರು. ಜೊತೆಗೆ ಕಲಿಯುತ್ತಿದ್ದ ಗಂಡಸರು ಆ ಕೆಸರಿಗೇ ಪಿಚಕ್ ಅಂತ ಉಗುಳೋರು. ಕಲಿಸುವ ಮಾಸ್ತರಿಗೆ ಹೇಳಿದೆ. ಆತ ನಕ್ಕ, ಆತನ ಹಲ್ಲೂ ಕೆಂಪೇ.

"ಕೆಡವೋ ಗ್ವಾಡಿಗೆ ಮಡಿ ಯಾಕವ್ವಾ? ಕಲಸು, ಕಲಸು."

ಬಿಟ್ಟು ಹೋಗಬಹುದಿತ್ತು. ಆದರೆ ಪಾಪಿನಾಯಕನಹಳ್ಳಿಯ ನಮ್ಮವ್ವ ಹರೆಯದಿಂದ ಇಲ್ಲಿಯತನಕ ಗೌಂಡಿಗಳಿಗೆ ಸಿಮೆಂಟ್ ಬುಟ್ಟಿ ಹೊತ್ತವಳು. ಸಿಮೆಂಟ್ ಮೆತ್ತುವ ಕರಣೆಯನ್ನು ಮಾತ್ರ ಒಬ್ಬನೂ ಅವಳ ಕೈಗೆ ಕೊಟ್ಟಿರಲಿಲ್ಲ. ನನಗೆ ಬುಟ್ಟಿ ಬೇಡ, ಕರಣೆಯೇ ಬೇಕು ಅಂತ ಹಟ ಹಿಡಿದಿದ್ದೆ. ಬೆಳಿಗ್ಗೆ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಮಧ್ಯಾಹ್ನ ಶೆಡ್ಡಿನಲ್ಲಿ ಅದನ್ನೇ ಮಾಡಿ ನೋಡುವುದು. ವಿಡಿಯೋದವನ ಅಂಗಿ ಬೆಳ್ಳಗೆ, ಕಲಸಿದ ಸಿಮೆಂಟ್ ಇಡ್ಲಿ ಹಿಟ್ಟಿನ ಹಾಗೆ. ಪುಣ್ಯವಂತ, ಅವನ ಹತ್ತಿರ ಯಾರೂ ಉಗುಳುತ್ತಿರಲಿಲ್ಲ.

ಒಂದು ಸಂಜೆ, ಮೂಲೆ ಕಟ್ಟುವ ಪಾಠ ಹುಡುಕುತ್ತಿದ್ದೆ. ಬಂದದ್ದು ನಾನೇ! ಬಗ್ಗಿ ಇಟ್ಟಿಗೆ ಇಡುತ್ತಿದ್ದ ನನ್ನನ್ನು ಮಾಸ್ತರ ಹಿಂದಿನಿಂದ ವಿಡಿಯೋ ತೆಗೆದು ತನ್ನ ಚಾನೆಲ್ಲಿಗೆ ಹಾಕಿಕೊಂಡಿದ್ದ. 'ನನ್ನ ಶಿಷ್ಯೆ' ಅಂತ ಮೇಲೆ ದೊಡ್ಡ ಅಕ್ಷರ. ಕ್ಯಾಮೆರಾ ನನ್ನ ಸೊಂಟದಿಂದ ಕೆಳಗೇ ಅಂಟಿಕೊಂಡಿತ್ತು. ವಿಡಿಯೋದ ಕೆಳಗೆ ಕಂಡವರೆಲ್ಲ ಬರೆದದ್ದನ್ನು ಬಾಯಲ್ಲಿ ಹೇಳಲಾರೆ. ಒಬ್ಬನಾದರೂ ಗೋಡೆಯ ಬಗ್ಗೆ ಬರೆದಿರಬಹುದು ಅಂತ ಪೂರ್ತಿ ಓದಿದೆ. ಊಹೂಂ, ಒಂದು ಮಾತೂ ಇಲ್ಲ. ಮೈಮೇಲೆಲ್ಲ ಆ ಕೆಸರು ಮೆತ್ತಿಕೊಂಡ ಹಾಗಾಯಿತು.

"ನಾಳಿಂದ ನಾ ಹೋಗಂಗಿಲ್ಲ" ಅಂತ ಫೋನನ್ನು ಅವ್ವನ ಕೈಗಿಟ್ಟೆ. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಇನ್ನೊಮ್ಮೆ ಹಾಕು ಅಂದಳು.

"ಲೇ, ಮೂರನೇ ಸಾಲು ಹೊರಗ ಬಂದೈತಲ್ಲ. ಸಾಲು ನೆಟ್ಟಗ ಬರಾಕ ದಾರ ಕಟ್ಟಿದ್ದಿಲ್ಲೇನು?"

"ಯವ್ವಾ, ಅವ್ರು ಕೆಳಗ ಏನೇನು ಬರದಾರ ಗೊತ್ತೇನು?"

"ಅವರ ಬಾಯಾಗ ಹುಳ ಬೀಳ್ಲಿ. ನಾ ಗ್ವಾಡಿ ನೋಡಾಕತ್ತೀನಿ."

ನನಗೆ ಅಳು ಬಂದದ್ದು ಆಗ. ಮರುದಿನ ಶೆಡ್ಡಿಗೆ ಹೋದೆ.

"ಸರ್, ಆ ವಿಡಿಯೋ ತೆಗೀರಿ."

"ಯಾಕವ್ವಾ? ಭಾಳ ಮಂದಿ ನೋಡ್ಯಾರ. ಮಸ್ತ್ ಓಡಾಕತ್ತೈತಿ."

"ನಂಗ ಅಸಹ್ಯ ಆಗೈತ್ರಿ."

"ಕಮೆಂಟ್ ಓದಬ್ಯಾಡ, ಮುಗೀತು." ಪಕ್ಕಕ್ಕೆ ಉಗುಳಿ ಮತ್ತೆ ಜಗಿಯತೊಡಗಿದ.

"ಆತ್ರಿ. ಆದ್ರ ಮೂರನೇ ಸಾಲು ಸೊಟ್ಟ ಐತಿ. ಮ್ಯಾಲೆ 'ನನ್ನ ಶಿಷ್ಯೆ' ಅಂತ ನೀವ ಬರದೀರಿ."

ದವಡೆ ನಿಂತಿತು. ಲಗುಬಗೆಯಿಂದ ಫೋನ್ ತೆಗೆದ, ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಅವನೂ ಗೋಡೆಯನ್ನು ನೋಡಿದ್ದು ಅದೇ ಮೊದಲು. ನಿಂತಲ್ಲೇ ಅಳಿಸಿಬಿಟ್ಟ.

"ಬಚಾವ್ ಮಾಡಿದಿ ಯವ್ವಾ! ಯಾರಾರ ಗೌಂಡಿ ನೋಡಿದ್ರ ನನ್ನ ಮಾನ ಹೋಗತಿತ್ತು."

ಅವನ ಮಾನವಂತೆ! ನನ್ನದು ಅಷ್ಟು ದಿನ ಊರಿಗೆಲ್ಲ ಕಾಣುವಂತೆ ಅಲ್ಲೇ ಬಿದ್ದಿತ್ತು. ನಾನು ದಾರ ಎಳೆದು ಕಟ್ಟಿ ಮೊದಲ ಇಟ್ಟಿಗೆ ಇಟ್ಟೆ.